ಎಬ್ಬಿಸಿದರಷ್ಟೇ ಏಳುವ ಡಬ್ಬ

ನಂಜುಂಡಪ್ಪ ಒಂದು ಕಡೆ ನೆಟ್ಟಗೆ ಕೂತದ್ದನ್ನು ಕಂಡವರು ಕೋಲ್ಕತ್ತೆಯಲ್ಲಿ ಯಾರೂ ಇಲ್ಲ. ಹುಟ್ಟಿದ ದಿನ, ಯಾರಾದರೂ ಬಂದು ತೂಗುವ ಮೊದಲೇ ಕೂಸು ತನ್ನ ತೊಟ್ಟಿಲನ್ನು ತಾನೇ ತೂಗಿಕೊಂಡಿತಂತೆ. ನಂಜನಗೂಡಿನ ಅವನ ಸೋದರತ್ತೆ ಇದನ್ನು ಆಣೆ ಇಟ್ಟು ಹೇಳುತ್ತಿದ್ದಳು. ಮದುವೆಯ ದಿನ ಹಸೆಮಣೆಯ ಮೇಲೆ ಕೂರಿಸಿದರೆ, ಮಂತ್ರ ಮುಗಿಯುವಷ್ಟರಲ್ಲಿ ಕಾಲಾಡಿಸಿ ಕಾಲಾಡಿಸಿ ಹಸೆಮಣೆಯನ್ನೇ ಛತ್ರದ ಬಾಗಿಲ ತನಕ ಸರಿಸಿಕೊಂಡು ಹೋಗಿದ್ದನಂತೆ. ತಾಳಿ ಕಟ್ಟಿಸಲು ಹೆಣ್ಣನ್ನು ಅಲ್ಲಿಗೇ ಕರೆದೊಯ್ಯಬೇಕಾಯಿತಂತೆ. ಹೆಂಡತಿ ಗೌರಿಯನ್ನು ಕೇಳಿ ನೋಡಿ. "ಬಾಗಿಲ ತನಕ ಏನಿಲ್ಲಪ್ಪ, ಸುಳ್ಳು. ಅರ್ಧ ದಾರಿ ಅಷ್ಟೆ" ಅನ್ನುತ್ತಾಳೆ.

ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಸಿಕ್ಕಿ ಎಳೆ ವಯಸ್ಸಿನಲ್ಲೇ ಅವನು ಕೋಲ್ಕತ್ತೆಗೆ ಬಂದ. ನೆಲದಡಿಯ ಕೇಬಲ್ ಕೆಟ್ಟಿತೆಂದರೆ ಗುಂಡಿಗೆ ಮೊದಲು ಇಳಿಯುವವನು ಅವನೇ. ಒಂದು ಮಳೆಗಾಲದಲ್ಲಿ ಕುತ್ತಿಗೆ ಮಟ್ಟದ ನೀರಲ್ಲಿ ನಿಂತು ತಂತಿ ಜೋಡಿಸುತ್ತಿದ್ದಾಗ ಒಂದು ಆಮೆ ತೇಲಿ ಬಂದು, ಅವನ ಕೈಲಿದ್ದ ರಿಸೀವರಿಗೆ ಮೂತಿ ಇಟ್ಟು 'ಹಲೋ' ಅಂದಿತಂತೆ. ಅವನು ಹೇಳುವಾಗ ಕಥೆಯಲ್ಲಿ ಆಮೆ ಇರುತ್ತದೆ. ಪಕ್ಕದ ಮನೆಯ ಭರತೇಶನ ಬಾಯಿಗೆ ಬರುವಷ್ಟರಲ್ಲಿ ಅದು ಮೊಸಳೆಯಾಗಿ, ಧಾರವಾಡಕ್ಕೆ ಒಂದು ಟ್ರಂಕ್ ಕಾಲನ್ನೂ ಬುಕ್ ಮಾಡಿರುತ್ತದೆ.

ನಿವೃತ್ತಿಯಾದ ಮೇಲೆ ಊರಿಗೆ ಹೋಗಬಹುದಿತ್ತು. ಆದರೆ ನಂಜನಗೂಡಿನಲ್ಲಿ ಓಡುವುದಕ್ಕೆ ಕಾರಣವೇ ಇರಲಿಲ್ಲ. ಇಲ್ಲಿ ಒಂದು ಕಾರಣ ಸಿಕ್ಕಿತು. ಟಾಲಿಗಂಜಿನ ಒಂದು ಗಲ್ಲಿಯಲ್ಲಿ ಒಂಟಿ ಮುದುಕರಿಗೆಂದು ಒಂದು ಸಹಾಯವಾಣಿ ಇದೆ. ಬಚ್ಚಲಲ್ಲಿ ಜಾರಿ ಬಿದ್ದವರು, ಮಾತ್ರೆ ಮುಗಿದವರು, ಎದೆ ಹಿಡಿದುಕೊಂಡವರು, ಏನೂ ಆಗದೆ ಸುಮ್ಮನೆ ಬೇಜಾರಾದವರು, ಎಲ್ಲರೂ ಅಲ್ಲಿಗೆ ಫೋನ್ ಮಾಡುತ್ತಾರೆ. ಆ ಫೋನುಗಳ ತಂತಿಗಳೆಲ್ಲ ಬಂದು ಸೇರುವುದು ಒಂದು ಹಳೆಯ ಕಂಪ್ಯೂಟರಿಗೆ. ಅದರ ಹೊಟ್ಟೆಯಲ್ಲಿ ಒಂದು ಕಾರ್ಡು ಇದೆ. ತಂತಿ ಚುಚ್ಚುವುದು ಆ ಕಾರ್ಡಿಗೆ. ಅದನ್ನು ನೋಡಿಕೊಳ್ಳುವ ಕೆಲಸ ನಂಜುಂಡಪ್ಪನದು. ಎಲ್ಲರೂ ಅದಕ್ಕೆ ಸರ್ವರ್ ಅನ್ನುತ್ತಾರೆ. ಅವನಿಗೆ ಅದು ಡಬ್ಬ.

ಡಬ್ಬದೊಳಗೆ ಎರಡು ಸರ್ವಿಸ್‌ಗಳು. ಸರ್ವಿಸ್ ಅಂದರೆ ಯಾರ ಕಣ್ಣಿಗೂ ಬೀಳದೆ ಹಿಂದೆ ಕೂತು ದುಡಿಯುವ ಪ್ರೋಗ್ರಾಮು. ಒಂದು ಕಾರ್ಡನ್ನು ಎಬ್ಬಿಸುವುದು. ಇನ್ನೊಂದು, ಎದ್ದ ಕಾರ್ಡಿನಿಂದ ಕರೆಗಳನ್ನು ಇಸಿದುಕೊಂಡು ಮೇಜಿನ ಮೇಲಿನ ಫೋನುಗಳಿಗೆ ಹಂಚುವುದು. ಮೊದಲನೆಯದು ಎದ್ದು ಮುಖ ತೊಳೆದ ಮೇಲೆ ಎರಡನೆಯದು ಏಳಬೇಕು. ಹಿಂದುಮುಂದಾದರೆ ಫೋನಿನ ಪ್ರೋಗ್ರಾಮು ಕಣ್ಣುಬಿಟ್ಟು ನೋಡುತ್ತದೆ, ಕಾರ್ಡು ಕಾಣುವುದಿಲ್ಲ, 'ಸರಿ, ಇವತ್ತು ಲೈನೇ ಇಲ್ಲ' ಎಂದು ತೀರ್ಮಾನಿಸಿ ಸುಮ್ಮನೆ ಕೂತುಬಿಡುತ್ತದೆ. ದೀಪಗಳೆಲ್ಲ ಹಸಿರು. ಪರದೆಯಲ್ಲಿ ಎಲ್ಲ ಸರಿ. ಫೋನು ಮಾತ್ರ ಕಿವುಡು.

ಒಂದು ಸಲ ಹಾಗೇ ಆಗಿತ್ತು. ಬೆಳಿಗ್ಗೆ ಕರೆಂಟು ಹೋಗಿ ಬಂತು, ಡಬ್ಬ ತಾನಾಗಿ ಎದ್ದಿತು, ಎದ್ದದ್ದು ಹಿಂದುಮುಂದು. ಅರವಿಂದ ಬಾಬು ಎನ್ನುವ ಮುದುಕರು ಅಡುಗೆಮನೆಯಲ್ಲಿ ಬಿದ್ದು, ಕೈಗೆಟುಕಿದ ಫೋನಿನಿಂದ ಸಹಾಯವಾಣಿಗೆ ಮಾಡಿದರೆ, ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಇತ್ತ ಆಫೀಸಿನಲ್ಲಿ ಎಲ್ಲರೂ 'ಇವತ್ತು ಯಾರೂ ಬಿದ್ದಿಲ್ಲವಲ್ಲ, ದೇವರ ದಯೆ' ಎಂದು ಚಹಾ ಕುಡಿಯುತ್ತಿದ್ದರು. ಮನೆಗೆಲಸದವಳು ಬಂದು ನೋಡುವ ತನಕ ಆ ಮನುಷ್ಯ ನೆಲದ ಮೇಲೇ ಇದ್ದರು. ಬದುಕಿಕೊಂಡರು, ಈಗಲೂ ಗಟ್ಟಿಯಾಗಿದ್ದಾರೆ, ಈಗಲೂ ಬೈಯುತ್ತಾರೆ. ಆದರೆ ನಂಜುಂಡಪ್ಪನ ಕಿವಿಯಲ್ಲಿ ಆ ರಿಂಗು ನಿಲ್ಲಲೇ ಇಲ್ಲ.

ಅವತ್ತೇ ಅವನು ಎರಡೂ ಸರ್ವಿಸ್‌ಗಳನ್ನು ಡಿಸೇಬಲ್ ಮಾಡಿಬಿಟ್ಟ. ಹಾಗೆಂದರೆ, 'ನೀವಾಗಿ ಏಳಬೇಡಿ, ನಾನು ಬಂದು ಕರೆಯುವ ತನಕ ಮಲಗಿರಿ' ಎಂದು ಹೇಳಿದ ಹಾಗೆ. ಅಲ್ಲಿಂದಾಚೆಗೆ ಕರೆಂಟು ಹೋಗಿ ಬಂದಾಗಲೆಲ್ಲ ನಂಜುಂಡಪ್ಪ ಓಡಬೇಕು, ಕಾರ್ಡನ್ನು ಎಬ್ಬಿಸಬೇಕು, ಕಣ್ಣಾರೆ ನೋಡಬೇಕು, ಆಮೇಲೆ ಫೋನನ್ನು ಎಬ್ಬಿಸಬೇಕು, ತನ್ನ ಮೊಬೈಲಿನಿಂದ ಒಂದು ಕರೆ ಮಾಡಿ, ರಿಂಗಾದ ಮೇಲೇ ಉಸಿರು ಬಿಡಬೇಕು.

ಓಡಿದ ಕಥೆಗಳಿಗೆ ಲೆಕ್ಕವಿಲ್ಲ. ಚೈತ್ರ ಕಳೆದು ಕಾಲಬೈಶಾಖಿಯ ಬಿರುಗಾಳಿ ಶುರುವಾಯಿತೆಂದರೆ, ಸಂಜೆ ಆಕಾಶ ಕಪ್ಪಾಗಿ ಗಾಳಿ ಎದ್ದಿತೆಂದರೆ, ಗರಿಯಾಹಾಟಿನ ಅವನ ಮನೆಯ ಗಲ್ಲಿಯಲ್ಲಿ ಮಿಕ್ಕವರು ಒಣಹಾಕಿದ ಬಟ್ಟೆ ತೆಗೆಯಲು ಓಡಿದರೆ ಇವನು ಚಪ್ಪಲಿ ಹುಡುಕಲು ಓಡುತ್ತಿದ್ದ. ಒಂದು ಸಲ ಗಾಳಿಯಲ್ಲಿ ಸೀರೆ ಅಂಗಡಿಗಳ ಸಾಲಿನಲ್ಲಿ ನುಗ್ಗಿ ಓಡಿ ಆಟೋ ಹತ್ತಿ ಟಾಲಿಗಂಜಿನಲ್ಲಿ ಇಳಿದಾಗ ಮೈಮೇಲೆ ಬಂಗಾಳದ ಕೈಮಗ್ಗದ ಒಂದು ತಾಂತ್ ಸೀರೆ ಸುತ್ತಿಕೊಂಡಿತ್ತಂತೆ, ಕೆಂಪಂಚಿನದು. ಆಟೋದವನು ದಾರಿಯುದ್ದಕ್ಕೂ 'ದೀದಿ, ಸ್ವಲ್ಪ ಒಳಗೆ ಸರೀರಿ' ಅನ್ನುತ್ತಿದ್ದನಂತೆ. ಮರುದಿನ ವಾಪಸು ಕೊಡಲು ಹೋದರೆ ಅಂಗಡಿಯವನು, "ಬಣ್ಣ ಒಪ್ಪುತ್ತೆ ದಾದಾ, ಇಟ್ಕೊಳ್ಳಿ" ಅಂದನಂತೆ.

ಕರೆಂಟು ಹೋಗದ ದಿನವೂ ಸುಖವಿರಲಿಲ್ಲ. ಫ್ಯಾನು ಒಂದು ಸುತ್ತು ನಿಧಾನವಾದರೆ ಸಾಕು, ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಗೌರಿಯ ಅಡುಗೆಮನೆಯಲ್ಲಿ ಮಿಕ್ಸಿ ನಿಂತರೆ ವರಾಂಡದಿಂದ ಕೂಗು: "ಕರೆಂಟ್ ಹೋಯ್ತಾ?"

"ಚಟ್ನಿ ಆಯ್ತು" ಅನ್ನುವಳು ಗೌರಿ. "ಕರೆಂಟ್ ಹೋಗಿಲ್ಲ. ಕೂತ್ಕೊಳ್ರೀ."

ಹೀಗಿರುವಾಗ ಗೌರಿಯ ಮಂಡಿ ಕೈಕೊಟ್ಟಿತು. ಬಹಳ ದಿನದ ನೋವು. ಡಾಕ್ಟರು ನೋಡಿ, ದುರ್ಗಾಪೂಜೆ ಕಳೆದ ಮೇಲೆ ಎರಡೂ ಮಂಡಿಗೆ ಆಪರೇಶನ್ ಮಾಡಿಬಿಡೋಣ ಎಂದರು. ಗೌರಿ ಅವತ್ತು ಮನೆಗೆ ಬಂದವಳು ಚೀಲ ಕೂಡ ಇಳಿಸದೆ ಹೇಳಿದಳು.

"ಪುರಿಗೆ ಹೋಗ್ಬೇಕು."

"ಯಾವ ಪುರಿ?"

"ಎಷ್ಟು ಪುರಿ ಇದೆ ನಿಮ್ಗೆ? ಈ ಗಲ್ಲೀಲಿ ಹಾಲು ಹಾಕೋನು ಹೋಗಿ ಬಂದಿದಾನೆ. ಇಸ್ತ್ರಿಯವಳು ಹೋಗಿ ಬಂದಿದಾಳೆ. ಬಂಗಾಳಿಗಳು ಮೂಗು ಸೋರಿದ್ರೂ ಪುರಿಗೆ ಹೋಗ್ತಾರೆ. ನಾನು ಈ ಊರಿಗೆ ಬಂದಾಗಿಂದ ಸಮುದ್ರ ನೋಡಿಲ್ಲ. ಈ ಹಳೇ ಮಂಡಿ ಇರೋವಾಗ್ಲೇ, ನನ್ ಕಾಲ್ಮೇಲೆ ನಾನೇ, ನೀರಲ್ಲಿ ನಿಂತ್ಕೋಬೇಕು. ಹೊಸಾ ಮಂಡಿ ಹೆಂಗಿರತ್ತೋ ಯಾರಿಗ್ಗೊತ್ತು."

"ಡಬ್ಬ?"

"ಡಬ್ಬಾನ ಹೊತ್ಕೊಂಡ್ ಬನ್ನಿ, ಅದ್ಕೂ ಸ್ನಾನ ಮಾಡ್ಸೋಣ."

ಅವನಿಗೆ ನಗೆ ಬಂದರೂ ಅವಳ ಮುಖದಲ್ಲಿ ನಗೆ ಇರಲಿಲ್ಲ. ಅಲ್ಲಿಂದ ಶುರುವಾಯಿತು ನಂಜುಂಡಪ್ಪನ ನಿಜವಾದ ಕಾಟ. ಹೋಗದಿದ್ದರೆ ಗೌರಿ ಇನ್ನೆಂದೂ ಕೇಳುವುದಿಲ್ಲ, ಅದು ಅವನಿಗೆ ಗೊತ್ತಿತ್ತು. ಹೋದರೆ ಡಬ್ಬವನ್ನು ಎಬ್ಬಿಸುವವರಿಲ್ಲ, ಅದೂ ಗೊತ್ತಿತ್ತು. ವರಾಂಡದ ಈ ತುದಿಯಿಂದ ಆ ತುದಿಗೆ ನಡೆದು ನಡೆದು ರೆಡ್ ಆಕ್ಸೈಡ್ ನೆಲದಲ್ಲಿ ಬಿಳಿ ಗೀರು ಬಿತ್ತು. ಕೆಳಗಿನ ಮನೆಯವರು ಮೇಲೆ ಯಾರೋ ಕುದುರೆ ಸಾಕಿದ್ದಾರೆ ಎಂದು ಮಾಲೀಕನಿಗೆ ದೂರು ಕೊಟ್ಟರಂತೆ.

ಟಿಕೆಟು ತೆಗೆಸಿಕೊಡುವ ಹೊಣೆ ಭರತೇಶನದು. ರೈಲ್ವೆಯವನು, ಧಾರವಾಡದ ಕಡೆಯವನು, ಬಾಯಿ ಬೊಂಬಾಯಿ.

"ಯಾವತ್ತಿಂದು ತೆಗಸ್ಲಿ, ಹೇಳ್ರಿ ನಂಜುಂಡಪ್ಪನವರ."

"ಬೇಸಿಗೇಲಿ ಗಾಳಿ ಮಳೆ, ಆಗಲ್ಲ."

"ಬ್ಯಾಸಗಿ ಮುಗದು ಹೋತು."

"ಆಷಾಢ ಶ್ರಾವಣದಲ್ಲಿ ರಸ್ತೆ ತುಂಬ ನೀರು ನಿಂತು ಕರೆಂಟು ಕೀಳ್ತಾರೆ. ಪೂಜೆ ಟೈಮಲ್ಲಂತೂ ಪೆಂಡಾಲ್ ಲೈಟಿಗೆ ಟ್ರಾನ್ಸ್‌ಫಾರ್ಮರ್ ಸುಡತ್ತೆ. ಮಹಾನವಮಿಗೆ ನಾನು ಡಬ್ಬಕ್ಕೆ ಆಯುಧಪೂಜೆ ಮಾಡ್ಬೇಕು."

"ಹಂಗಾರ ನಿಮಗ ಪುರಿ ಇಲ್ಲ ಬಿಡ್ರಿ, ಕಾಶೀನಽ ಗತಿ. ಅಲ್ಲಿಗೆ ಒಂದಽ ಕಡಿ ಟಿಕೀಟು ಸಾಕು."

ಕೊನೆಗೆ ಸೆಪ್ಟೆಂಬರಿನ ನಡುವಿನ ದಿನಗಳು ಒಪ್ಪಿಗೆಯಾದವು. ಮಳೆ ತಗ್ಗಿರುತ್ತದೆ, ಪೆಂಡಾಲುಗಳ ದೀಪ ಇನ್ನೂ ಹತ್ತಿರುವುದಿಲ್ಲ. ಭರತೇಶ ಕ್ಯಾಲೆಂಡರು ನೋಡಿ, "ನೀವು ಪುರಿ ಮುಟ್ಟೋ ದಿವ್ಸ ಇಲ್ಲಿ ವಿಶ್ವಕರ್ಮ ಪೂಜಾ ಐತಿ. ನಮ್ಮ ವರ್ಕಶಾಪಿನ್ಯಾಗ ಮಶೀನು ಎಲ್ಲಾ ಬಂದ್ ಇಟ್ಟು ಪೂಜಾ ಮಾಡ್ತಾರ" ಅಂದ.

"ಅದು ಕಾರ್ಖಾನೆಯವ್ರಿಗೆ, ಆಟೋದವ್ರಿಗೆ. ನಮ್ ಆಫೀಸಲ್ಲಿ ಯಾವತ್ತೂ ಮಾಡಿಲ್ಲ. ಅಲ್ಲಿರೋ ಒಂದು ಮಿಶಿನ್ನಿಗೆ ಪೂಜೆ ಮಾಡೋನು ನಾನು, ಅದೂ ನವಮಿ ದಿನ." ಇದು ನಿಜ. ಪ್ರತಿ ವರ್ಷ ಮಹಾನವಮಿಗೆ ನಂಜುಂಡಪ್ಪ ಡಬ್ಬವನ್ನು ಆರಿಸಿ, ಒರೆಸಿ, ವಿಭೂತಿ ಕುಂಕುಮ ಇಟ್ಟು, ಹೂ ಮುಡಿಸಿ, ನಿಂಬೆಹಣ್ಣು ಕೊಯ್ದು, ಮತ್ತೆ ಎಬ್ಬಿಸುತ್ತಿದ್ದ. ದುಡಿಯುತ್ತಿರುವಾಗ ಪೂಜೆ ಮಾಡಬಾರದು, ಅದಕ್ಕೂ ಒಂದು ಗಳಿಗೆ ಕಣ್ಣು ಮುಚ್ಚಲು ಬಿಡಬೇಕು ಎಂದು ಆಫೀಸಿನವರಿಗೆಲ್ಲ ಹೇಳುತ್ತಿದ್ದ.

ಇನ್ನು ಉಳಿದದ್ದು ಡಬ್ಬ ತಾನಾಗಿ, ಸರಿಯಾದ ಸಾಲಿನಲ್ಲಿ ಏಳುವಂತೆ ಮಾಡುವುದು.

"ಅದು ಬರಲ್ವಾ ನಿಮ್ಗೆ?" ಎಂದು ಗೌರಿ ಕೇಳಿದಳು, ಹೆಸರುಕಾಳು ಆರಿಸುತ್ತ.

"ಬರತ್ತೆ. ಕಾರ್ಡು ಎದ್ದ ಮೇಲೆ ಏಳು ಅಂತ ಫೋನಿಗೆ ಒಂದು ಸಾಲು ಬರೆದಿಡ್ಬೇಕು."

"ಒಂದು ಸಾಲಾ?"

"ಒಂದೋ ಎರಡೋ."

"ಮತ್ತೆ ಇಷ್ಟು ದಿನ ಯಾಕ್ ಬರೀಲಿಲ್ಲ?"

ನಂಜುಂಡಪ್ಪ ಎದ್ದು ನೀರು ಕುಡಿದ. ಬಾಯಾರಿಕೆಯೇನೂ ಇರಲಿಲ್ಲ.

ಮರುದಿನ ಅವಳೂ ಜೊತೆಗೆ ಹೊರಟಳು, ಮಂಡಿ ಹಿಡಿದುಕೊಂಡು. ಸಹಾಯವಾಣಿಯ ಉಸ್ತುವಾರಿ ಪ್ರಫುಲ್ಲಾ ದೀದಿಯದು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ. ಗೌರಿ ಅವಳಿಗೆ ಬೌದಿ, ಅಂದರೆ ಅತ್ತಿಗೆ; ಕಂಡು ಬಾಗಿಲಿಗೇ ಓಡಿ ಬಂದಳು. ಅವಳದು ಬಂಗಾಳಿ ಬೆರೆಸಿದ ಹಿಂದಿ, ಗೌರಿಯದು ಮೈಸೂರು ಬೆರೆಸಿದ ಹಿಂದಿ. ಇಬ್ಬರಿಗೂ ಒಂದಕ್ಷರ ತಪ್ಪದೆ ತಿಳಿಯುತ್ತಿತ್ತು.

"ಬೌದಿ, ಇವರನ್ನ ಕರ್ಕೊಂಡು ಹೋಗಿ, ನಮಗೂ ಒಂದೆರಡು ದಿನ ಶಾಂತಿ. ಬಲ್ಬು ಮಿಣುಕಿದ್ರೆ ಓಡಿ ಬರ್ತಾರೆ. ಮೊನ್ನೆ ನಾನು ಟ್ಯೂಬ್‌ಲೈಟ್ ಆರಿಸಿದ್ದಕ್ಕೆ ಫೋನ್ ಮಾಡಿದ್ರು!"

"ಅದು ಕಾಕತಾಳೀಯ" ಅಂದ ನಂಜುಂಡಪ್ಪ.

ಡಬ್ಬದ ಮುಂದೆ ಕೂತು ಬರೆಯಬೇಕಾದ್ದನ್ನು ಬರೆದ. ಎರಡನ್ನೂ ಎನೇಬಲ್ ಮಾಡಿದ, ಅಂದರೆ 'ಇನ್ನು ನೀವಾಗಿ ಏಳಿ' ಎಂದು ಅಪ್ಪಣೆ ಕೊಟ್ಟ. ಕರೆಗಳು ಕಡಿಮೆಯಾದ ಮಧ್ಯಾಹ್ನದ ಹೊತ್ತು ನೋಡಿ ಪ್ಲಗ್ ಕಿತ್ತು ಮತ್ತೆ ಚುಚ್ಚಿದರು. ಗೌರಿ ಗಂಡನ ಎರಡೂ ಕೈ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಕೈ ಬಿಟ್ಟರೆ ಕೀಲಿಮಣೆಗೆ ಹಾರುತ್ತಾನೆ.

ಡಬ್ಬ ಗುರುಗುಟ್ಟಿತು. ದೀಪ ಹತ್ತಿತು. ಪ್ರಫುಲ್ಲಾ ಮೊಬೈಲಿನಿಂದ ಸಹಾಯವಾಣಿಗೆ ಫೋನ್ ಮಾಡಿದಳು. ಅವಳ ಮೊಬೈಲಿನಲ್ಲಿ ರಿಂಗು. ಮೇಜಿನ ಫೋನುಗಳಲ್ಲಿ ಸದ್ದಿಲ್ಲ.

"ನೋಡಿದ್ಯಾ! ನೋಡಿದ್ಯಾ!" ನಂಜುಂಡಪ್ಪನ ದನಿಯಲ್ಲಿ ಭಯವೂ ಇತ್ತು. ಜೊತೆಗೆ ಒಂದು ಚೂರು ಸಂತೋಷವೂ ಇತ್ತು. ಗೌರಿ ಅದನ್ನು ಕೇಳಿಸಿಕೊಂಡಳು.

"ನೋಡ್ದೆ. ಯಾಕೆ ಹಂಗಾಯ್ತು?"

"ಸಾಲೇನೋ ಸರಿ. ಆದ್ರೆ ಕಾರ್ಡು ಎದ್ದೆ ಅಂತ ಹೇಳಿ, ಇನ್ನೂ ಆಕಳಿಸ್ತಾ ಇತ್ತು. ಅಷ್ಟರಲ್ಲಿ ಫೋನು ಬಂದ್ಬಿಡ್ತು. ಲೈನು ಕಾಣೋ ತನಕ ಕಾಯಿ ಅಂತ ಹೇಳ್ಬೇಕು."

"ಹೇಳಿ ಮತ್ತೆ."

ಹೇಳಿದ. ಮತ್ತೆ ಪ್ಲಗ್ ಕಿತ್ತರು, ಮತ್ತೆ ಗುರುಗುಟ್ಟಿತು. ಈ ಸಲ ಅದು ಹತ್ತು ತಿಂಗಳ ಬಸುರಿಯ ಹಾಗೆ ನಿಧಾನ ಮಾಡಿತು. ನಂಜುಂಡಪ್ಪನ ಕಾಲು ಎಷ್ಟು ಜೋರಾಗಿ ಅದುರಿತೆಂದರೆ ಮೇಜಿನ ಮೇಲಿನ ಚಹಾ ಕಪ್ಪುಗಳು ನಡೆದು ಹೋಗಿ ಪ್ರಫುಲ್ಲಾಳ ಕೈ ಸೇರಿದವಂತೆ. ಆಮೇಲೆ ಮೇಜಿನ ಫೋನುಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು. ಪ್ರಫುಲ್ಲಾ ಚಪ್ಪಾಳೆ ತಟ್ಟಿದಳು. ಗೌರಿ ಅವನ ಕೈ ಬಿಟ್ಟಳು.

ಇಷ್ಟಕ್ಕೆ ಕಥೆ ಮುಗಿಯಬೇಕಿತ್ತು. ನಂಜುಂಡಪ್ಪ ನಂಜುಂಡಪ್ಪನಾಗಿರದಿದ್ದರೆ ಮುಗಿಯುತ್ತಿತ್ತು.

ಗರಿಯಾಹಾಟಿನಿಂದ ಹೌರಾ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಟಾಲಿಗಂಜ್ ಬರುವುದೇ ಇಲ್ಲ, ಅದು ತದ್ವಿರುದ್ಧ ದಿಕ್ಕು. ಆದರೆ ಹೊರಡುವ ದಿನ ಸಂಜೆ ಟ್ಯಾಕ್ಸಿ ಟಾಲಿಗಂಜಿನ ಗಲ್ಲಿಯಲ್ಲಿ ನಿಂತಿತ್ತು. "ಒಂದೇ ಒಂದ್ಸಲ ನೋಡ್ಕೊಂಡ್ ಬರ್ತೀನಿ" ಎಂದು ಅವನು ಇಳಿದ. ಗೌರಿ ಟ್ಯಾಕ್ಸಿಯಲ್ಲೇ ಚೀಲಗಳ ನಡುವೆ ಕೂತಿದ್ದಳು, ಡ್ರೈವರು ಹಿಂದಿಯಲ್ಲಿ ಗೊಣಗುತ್ತಿದ್ದ.

ಪ್ರಫುಲ್ಲಾ ಯಾರೋ ಮುದುಕಿಯ ಕರೆಯಲ್ಲಿ ಮುಳುಗಿದ್ದಳು. ಡಬ್ಬದ ಮುಂದೆ ನಂಜುಂಡಪ್ಪ ಒಬ್ಬನೇ ನಿಂತ. ಎಲ್ಲ ಸರಿಯಾಗಿತ್ತು. ಸರಿಯಾಗಿದ್ದದ್ದೇ ತೊಂದರೆ. ಒಂದು ಸಲ ಸರಿಯಾಗಿ ಎದ್ದಿತು ನಿಜ. ಎರಡನೇ ಸಲ? ಹಿಂದುಮುಂದಾಗಿ ಎದ್ದರೆ ಯಾರಿಗೂ ತಿಳಿಯುವುದಿಲ್ಲ. ಏಳದೇ ಇದ್ದರೆ ಪರದೆಯಲ್ಲಿ 'ಎಲ್ಲ ಸರಿ' ಬರುವುದಿಲ್ಲ, ಪ್ರಫುಲ್ಲಾಗಾದರೂ ತಿಳಿಯುತ್ತದೆ, ನನಗೆ ಫೋನ್ ಮಾಡುತ್ತಾಳೆ. ಮಲಗಿದ್ದರೆ ಒಳ್ಳೆಯದು. ಹೀಗೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತಿರುವಾಗಲೇ ಅವನ ಬೆರಳುಗಳು ಕೆಲಸ ಮುಗಿಸಿದ್ದವು. ಎರಡೂ ಸರ್ವಿಸ್‌ಗಳು ಮತ್ತೆ ಡಿಸೇಬಲ್: ಈಗ ಎದ್ದಿರುವವು ದುಡಿಯುತ್ತವೆ, ಒಮ್ಮೆ ಆರಿದರೆ ತಾವಾಗಿ ಏಳುವುದಿಲ್ಲ.

"ಸರಿ ಇದ್ಯಾ?" ಗೌರಿ ಕೇಳಿದಳು.

"ಸರಿ ಇದೆ" ಅಂದ, ಕಿಟಕಿಯ ಹೊರಗೆ ನೋಡುತ್ತ.

ರೈಲಿನಲ್ಲಿ ಅವನು ಮಲಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಬೋಗಿಯ ಈ ಬಾಗಿಲಿಂದ ಆ ಬಾಗಿಲಿಗೆ ಅವನು ನಡೆದ ದೂರವನ್ನು ಅಳೆದರೆ ಪುರಿಗೆ ರೈಲು ಬೇಕಾಗಿರಲಿಲ್ಲ, ಕಾಲ್ನಡಿಗೆಯಲ್ಲೇ ರೈಲಿಗಿಂತ ಮುಂಚೆ ಸೇರುತ್ತಿದ್ದ ಎಂದು ಭರತೇಶ ಆಮೇಲೆ ಲೆಕ್ಕ ಹಾಕಿದ.

ಬೆಳಿಗ್ಗೆ ಸಮುದ್ರ. ಗೌರಿ ದಂಡೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಸುಮ್ಮನೆ ನೋಡಿದಳು. ಒಂದೊಂದು ಅಲೆಯೂ ಮೈಮೇಲೆ ಬರುವ ಹಾಗೆ ಎದ್ದು ಕೊನೆಗೆ ಕಾಲಬೆರಳ ಮುಂದೆ ನೊರೆಯಾಗಿ ಮುರಿಯುತ್ತಿತ್ತು. ಹಿಂದೆ ನಂಜುಂಡಪ್ಪ ಮರಳಿನಲ್ಲಿ ಅಡ್ಡಾಡುತ್ತಿದ್ದ, ಒಂದು ಕೈ ಜೇಬಿನ ಮೊಬೈಲಿನ ಮೇಲೆ.

"ಕೂತ್ಕೊಳ್ಳಿ."

"ಮರಳು ಬಿಸಿ."

"ಇನ್ನೂ ಬಿಸಿಲೇ ಏರಿಲ್ಲ."

"ಸಮುದ್ರ ಅಂದ್ರೆ ಇಷ್ಟೇನಾ? ಒಂದ್ ನಿಮಿಷ ನಿಂತಲ್ಲಿ ನಿಲ್ಲಲ್ಲ."

"ಜೊತೆ ಸಿಕ್ತು ನಿಮ್ಗೆ" ಅಂದಳು ಗೌರಿ. "ಬನ್ನಿ, ಕೈ ಕೊಡಿ. ನೀರಿಗೆ ಇಳಿಯೋಣ."

ಅವನು ಕೈ ಕೊಟ್ಟ. ಅವಳು ಕುರ್ಚಿಯಿಂದ ಏಳಲು ಮೈ ಮುಂದಕ್ಕೆ ತಂದಳು. ಅಷ್ಟರಲ್ಲಿ ಜೇಬು ನಡುಗಿತು. ನಂಜುಂಡಪ್ಪ ಹೆಂಡತಿಯ ಕೈ ಬಿಟ್ಟು ಫೋನ್ ತೆಗೆದ. ಗೌರಿ ಮತ್ತೆ ಕುರ್ಚಿಗೆ ಬಿದ್ದಳು.

"ದಾದಾ, ಬೈಬೇಡಿ" ಅಂದಿತು ಪ್ರಫುಲ್ಲಾಳ ದನಿ. ಹಿಂದೆ ಶಂಖ, ಧ್ವನಿವರ್ಧಕ, ಆಟೋ ಹಾರ್ನು. "ಇವತ್ತು ವಿಶ್ವಕರ್ಮ ಪೂಜೆ. ಪಕ್ಕದ ಆಟೋ ಸ್ಟ್ಯಾಂಡಿಗೆ ಪುರೋಹಿತರು ಬಂದಿದ್ರು. ನೀವಿಲ್ಲ, ನಿಮ್ಮ ಡಬ್ಬ ಒಂಟಿ, ಬೇಜಾರಾಯ್ತು. ನವಮಿ ತನಕ ಯಾಕೆ ಕಾಯಿಸೋದು ಅಂತ ಅವರನ್ನ ಒಳಗೆ ಕರೆದೆ. ನೀವು ಹೇಳ್ತಿದ್ರಲ್ಲ, ದುಡಿಯೋವಾಗ ಪೂಜೆ ಮಾಡಬಾರದು ಅಂತ, ಅದಕ್ಕೇ ಆರಿಸಿ, ಒರೆಸಿ, ಚೆಂಡುಹೂವಿನ ಹಾರ ಹಾಕಿ, ಸಿಂಧೂರ ಇಟ್ಟು..."

"ಆರಿಸಿದ್ರಾ!"

"ಅರೇ ಬಾಬಾ, ಅದು ತಾನೇ ಏಳುತ್ತಲ್ಲ ಈಗ! ಅದಕ್ಕೇ ಧೈರ್ಯ ಮಾಡಿದ್ದು. ಮತ್ತೆ ಹಾಕಿದೆ. ಗುರುಗುಟ್ಟಿತು, ದೀಪ ಬಂತು. ನೀವು ಮಾಡೋ ಹಾಗೇ ಮೊಬೈಲಿಂದ ಕರೆ ಮಾಡಿ ನೋಡಿದೆ. ಮೇಜಿನ ಫೋನು ಬಡೀತಾ ಇಲ್ಲ ದಾದಾ. ಯಾಕೆ ಹೀಗಾಯ್ತು? ಬೌದಿ ಮುಂದೆ ಎದ್ದಿತ್ತಲ್ಲ?"

ನಂಜುಂಡಪ್ಪನ ಕಿವಿಯಲ್ಲಿ ಆ ಹಳೆಯ ರಿಂಗು ಶುರುವಾಯಿತು. ಈ ಗಳಿಗೆಯಲ್ಲೇ ಯಾರೋ ನೆಲದ ಮೇಲೆ ಬಿದ್ದು ಫೋನ್ ಹಿಡಿದಿರಬಹುದು. "ಬರ್ತೀನಿ" ಅಂದ. "ಈಗ್ಲೇ ಹೊರಟೆ. ಯಾವ ಗಾಡಿ ಸಿಕ್ರೂ..."

"ಪುರಿಯಿಂದ?" ಅಂದಳು ಪ್ರಫುಲ್ಲಾ.

ಗೌರಿ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಆ ಕಡೆಯ ಮಾತು ಕೇಳಿಸಿರಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. "ಏನ್ಮಾಡಿದ್ರಿ ನಿನ್ನೆ ಒಳಗ್ಹೋಗಿ?"

"ತಿರುಗಿ ಡಿಸೇಬಲ್ ಮಾಡ್ದೆ."

"ಯಾಕೆ?"

"ಅರವಿಂದ ಬಾಬು ಹಂಗೆ ಇನ್ಯಾರಾದ್ರೂ..."

"ಅವ್ರ ಹೆಸ್ರು ಎತ್ಬೇಡಿ. ಕಾಯಿ ಅಂತ ಬರ್ದ್ರಲ್ಲ, ಕಾದಿದ್ದನ್ನ ಇಬ್ರೂ ನೋಡಿದ್ವಲ್ಲ." ಅವಳು ದನಿ ಏರಿಸಲಿಲ್ಲ. "ಅದು ನೀವಿಲ್ದೆ ಎದ್ಬಿಟ್ರೆ ಅಂತ ಹೆದ್ರಿಕೆ ನಿಮ್ಗೆ. ಅಲ್ವಾ?"

ಒಂದು ಅಲೆ ಬಂದು ಅವನ ಚಪ್ಪಲಿಯನ್ನು ಒಯ್ದಿತು. ಯಾವತ್ತೂ ಓಡಲು ಸಿದ್ಧವಾಗಿರುತ್ತಿದ್ದ ಚಪ್ಪಲಿ. ಅದರ ಹಿಂದೆ ಕೂಡ ಅವನು ಓಡಲಿಲ್ಲ.

"ಹಲೋ? ದಾದಾ? ಏನ್ಮಾಡಲಿ? ಬೇಗ ಹೇಳಿ, ಲೈನು ಸತ್ತಿದೆ!"

"ಪ್ರಫುಲ್ಲಾ ದೀದಿ, ಡಬ್ಬದ ಮುಂದೆ ಕೂತ್ಕೊಳ್ಳಿ. ನಾನು ಹೇಳಿದ್ದನ್ನ ಹೊಡೀರಿ. ಒಂದಕ್ಷರ ಹೆಚ್ಚು ಬೇಡ, ಕಡಿಮೆ ಬೇಡ."

ಅವಳು ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಪ್ರತಿ ಅಕ್ಷರಕ್ಕೂ ಒಂದು ಶಂಖ ಊದಿದ ಹಾಗೆ ಕೂಗಿ ಹೇಳುತ್ತಿದ್ದಳು. ದಂಡೆಯಲ್ಲಿ ಸ್ನಾನಕ್ಕೆ ಬಂದಿದ್ದ ಬಂಗಾಳಿ ಸಂಸಾರವೊಂದು ಇದು ಯಾವ ಮಂತ್ರವೋ ಎಂದು ಹತ್ತಿರ ಬಂದು ನಿಂತಿತು. ಮೊದಲು ಕಾರ್ಡು. ಎದ್ದಿದೆ ಎಂದು ಪರದೆಯಲ್ಲಿ ಬಂತು. ಆಮೇಲೆ ಫೋನು. ನಂಜುಂಡಪ್ಪ ಉಸಿರು ಹಿಡಿದ.

"ಎದ್ದಿತು! ದಾದಾ, ಮೇಜಿನ ಮೇಲೆ ಬಡೀತಾ ಇದೆ!"

"ಎತ್ತಿ! ಯಾರಾದ್ರೂ ಇರ್ಬಹುದು, ಎತ್ತಿ!"

ಅವಳು ಎತ್ತಿದಳು. ಮೊಬೈಲು ಮೇಜಿನ ಮೇಲೇ ಉಳಿಯಿತು. ದೂರದಲ್ಲಿ ಅವಳು ಯಾರಿಗೋ ಸಮಾಧಾನ ಹೇಳುವುದು, ಔಷಧಿ ಅಂಗಡಿಗೆ ಹೇಳಿ ಕಳಿಸುತ್ತೇನೆ ಅನ್ನುವುದು ನಂಜುಂಡಪ್ಪನಿಗೆ ಕೇಳಿಸಿತು. ಅವಳು ಮತ್ತೆ ಮೊಬೈಲಿಗೆ ಬರುವ ತನಕ ಅವನು ಬರಿಗಾಲಲ್ಲಿ ಒದ್ದೆ ಮರಳನ್ನು ಕೆದಕುತ್ತ ನಿಂತ. ಇನ್ನು 'ಸರಿ' ಎಂದು ಇಟ್ಟುಬಿಡಬಹುದಿತ್ತು. ಮುಂದಿನ ಸಲ ಕರೆಂಟು ಹೋದಾಗ ಅವಳು ಮತ್ತೆ ಕರೆಯುತ್ತಾಳೆ, ಇವನು ಮತ್ತೆ ಹೇಳಿಕೊಡುತ್ತಾನೆ. ಎಲ್ಲಿದ್ದರೂ ನಡೆಯುತ್ತದೆ.

ಗೌರಿ ಸಮುದ್ರದ ಕಡೆ ತಿರುಗಿದ್ದಳು.

"ದಾದಾ, ಮುಗೀತಾ?"

"ಇಲ್ಲ" ಅಂದ. "ಇನ್ನೂ ಎರಡು ಸಾಲು ಇದೆ. ನಾನು ಹೊರಡೋವಾಗ ನಿಮಗೆ ಹೇಳ್ದೆ ಡಬ್ಬಾನ ಮಲಗಿಸಿಟ್ಟು ಬಂದಿದ್ದೆ. ಈಗ ಎನೇಬಲ್ ಮಾಡ್ಬೇಕು. ಬರ್ಕೊಳ್ಳಿ."

ಪ್ರಫುಲ್ಲಾ ಕೇಳಿದಳು, "ಬೌದಿ ಪಕ್ಕದಲ್ಲಿದ್ದಾರಾ?"

"ಇದಾಳೆ."

"ಸರಿ, ಅವರೇ ಬೈತಾರೆ, ನಾನ್ಯಾಕೆ. ಹೇಳಿ."

ಹೇಳಿದ. ಕರೆಗಳು ನಿಂತ ಒಂದು ಗಳಿಗೆ ನೋಡಿ ಅವಳು ತನ್ನ ಕೈಯಾರೆ ಪ್ಲಗ್ ಕಿತ್ತು ಚುಚ್ಚಿದಳು. "ಎದ್ದರೆ ಕರೀತೀನಿ, ಏಳದಿದ್ದರೂ ಕರೀತೀನಿ" ಎಂದು ಮೊಬೈಲು ಇಟ್ಟಳು. ನಂಜುಂಡಪ್ಪನಿಗೆ ಮಾಡಲು ಏನೂ ಉಳಿಯಲಿಲ್ಲ. ಪುರಿಯ ಸಮುದ್ರ ಹುಟ್ಟಿದಾಗಿನಿಂದ ಅಷ್ಟು ನಿಧಾನವಾಗಿ ಅಲೆ ಬಂದದ್ದೇ ಇಲ್ಲವಂತೆ; ಒಂದು ಎದ್ದು ಬೀಳುವುದರೊಳಗೆ ದಂಡೆಯ ಒಂಟೆಗಳು ಮುದಿಯಾದವಂತೆ.

ಅವಳು ಕರೆಯಲಿಲ್ಲ. ಅವನಿಗೆ ತಡೆಯಲಾಗಲಿಲ್ಲ. ಸಹಾಯವಾಣಿಯ ನಂಬರಿಗೆ ತಾನೇ ಒತ್ತಿದ. ರಿಂಗಾಯಿತು. ಮತ್ತೆ ರಿಂಗಾಯಿತು. ಮತ್ತೆ.

"ನಮಸ್ಕಾರ, ಹೇಳಿ, ಏನಾಯ್ತು?" ಪ್ರಫುಲ್ಲಾಳ ಕೆಲಸದ ದನಿ, ಮೆತ್ತಗೆ, ತಾಳ್ಮೆಯಿಂದ. ಇಷ್ಟು ವರ್ಷದಲ್ಲಿ ಅವಳು ಆ ದನಿಯಲ್ಲಿ ಅವನೊಡನೆ ಮಾತಾಡಿರಲಿಲ್ಲ.

"ನಾನು."

"ದಾದಾ! ಎದ್ದಿದೆ, ತಾನೇ ಎದ್ದಿದೆ, ಎದ್ದ ಕೂಡಲೇ ಒಬ್ಬರು ಅಜ್ಜಿ ಸಿಕ್ಕಿದ್ರು, ಅದಕ್ಕೇ ಕರೆಯೋದು ತಡ ಆಯ್ತು. ಈಗ ಲೈನ್ ಬಿಡಿ ದಾದಾ. ಸುಮ್ಮನೆ ಹಿಡ್ಕೋಬೇಡಿ. ಬೇರೆಯವರು ಕಾಯ್ತಿರ್ತಾರೆ."

ಕರೆ ಕಡಿಯಿತು. ನಂಜುಂಡಪ್ಪ ಮೊಬೈಲನ್ನು ಇನ್ನೂ ಕಿವಿಯಲ್ಲೇ ಇಟ್ಟುಕೊಂಡು ನಿಂತಿದ್ದ.

"ಏನಂತೆ?" ಗೌರಿ ಕೇಳಿದಳು.

"ಲೈನ್ ಬಿಡಿ ಅಂದ್ಲು."

"ಬಿಟ್ರಾ?"

"ಅವ್ಳೇ ಬಿಡ್ಸಿದ್ಲು."

ಗೌರಿಗೆ ನಗು ಬಂತು, ಈ ಪ್ರಯಾಣದಲ್ಲಿ ಮೊದಲ ಸಲ. ಮೊಬೈಲನ್ನು ಅವನ ಕೈಯಿಂದ ತೆಗೆದು ತನ್ನ ಚೀಲಕ್ಕೆ ಹಾಕಿ, ಚೀಲವನ್ನು ಆ ಬಂಗಾಳಿ ಸಂಸಾರದ ಅಜ್ಜಿಯ ಮಡಿಲಲ್ಲಿಟ್ಟಳು. ಅಜ್ಜಿ ಮಂತ್ರದ ಫಲ ಸಿಕ್ಕಿತೇ ಎಂದು ಬಂಗಾಳಿಯಲ್ಲಿ ಕೇಳಿದಳು. ಗೌರಿ ತಲೆಯಾಡಿಸಿದಳು.

ಈ ಸಲ ಅವನು ಎರಡೂ ಕೈ ಕೊಟ್ಟ. ಅವಳು ಎದ್ದಳು, ಒಂದು ಹೆಜ್ಜೆ, ಮಂಡಿ ನೊಂದು ನಿಂತಳು, ಇನ್ನೊಂದು ಹೆಜ್ಜೆ. ನೀರು ಹಿಮ್ಮಡಿಗೆ ಬಂತು, ಮೀನಖಂಡಕ್ಕೆ ಬಂತು. ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳನ್ನು ಕಿತ್ತುಕೊಂಡು ಹೋಯಿತು. ಗೌರಿ ತೂಗಾಡಿದಳು. ನಂಜುಂಡಪ್ಪನ ಎಡಗಾಲು ಅಭ್ಯಾಸದಂತೆ ಕುಣಿಯತೊಡಗಿತು.

"ಅಲ್ಲಾಡ್ಬೇಡಿ" ಅಂದಳು ಅವಳು, ಅವನ ತೋಳಿಗೆ ಪೂರಾ ಭಾರ ಹಾಕಿ. "ನಾನು ನಿಮ್ಮನ್ನೇ ಹಿಡ್ಕೊಂಡಿರೋದು."

ಕಾಲು ಇನ್ನೂ ಎರಡು ಸಲ ಕುಣಿಯಿತು. ಆಮೇಲೆ ಅವನು ಅದನ್ನು ಮರಳಿನಲ್ಲಿ ಊರಿದ. ದೊಡ್ಡದೊಂದು ಅಲೆ ದೂರದಲ್ಲಿ ಏಳುತ್ತಿತ್ತು.